ಭರಣಿಯೊಳಗಿನ ಪಡುಗಾಳಿ

ಬಹಳ ಹಿಂದೆ, ಕಡಲು ಇನ್ನೂ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ, ಅಲೆಯೂರು ಎಂಬ ರಾಜ್ಯವಿತ್ತು. ಅಲ್ಲಿ ಮಂಕಾಳಿ ಎಂಬ ಬೆಸ್ತರ ಹೆಂಗಸಿದ್ದಳು. ಪಡುಗಾಳಿ ಅವಳ ಗಂಡನ ದೋಣಿ ಮಗುಚಿ ಅವನನ್ನು ನುಂಗಿತ್ತು. ಉಳಿದವನು ಒಬ್ಬನೇ ಮಗ, ಜಟ್ಟಿ. ಅವನನ್ನಾದರೂ ಉಳಿಸಿಕೊಳ್ಳಬೇಕೆಂದು ಅವಳು ಬೆಟ್ಟದ ಗುಹೆಗೆ ಹೋಗಿ ಮುದಿ ಮಾಂತ್ರಿಕ ಕಾರ್ಕೋಟಿಯ ಕಾಲು ಹಿಡಿದಳು.

"ಆ ಗಾಳಿಯನ್ನು ಕಟ್ಟಿಹಾಕಯ್ಯಾ!"

"ನಿನ್ನ ಜಡೆ ಕೊಡು," ಎಂದ ಅವನು.

ಕೊಟ್ಟಳು. ಅವನು ಪಡುಗಾಳಿಯನ್ನು ಉಪ್ಪಿನಕಾಯಿಯ ಹಾಗೆ ಭರಣಿಗೆ ತುಂಬಿ, ಅದೇ ಜಡೆಯಿಂದ ಬಾಯಿ ಬಿಗಿದ. ಆ ಗಂಟು ಜಡೆ ಕೊಟ್ಟವಳ ಕೈಗೆ ಮಾತ್ರ ಬಿಚ್ಚುವಂಥದ್ದು. ದಿನಾ ಭರಣಿಗೆ ತೂರಿಸಿದ ಕೊಳವೆಯಿಂದ ಒಂದು ಗುಟುಕು ಗಾಳಿ ಹೀರಿ ಮುದುಕ ಹರೆಯದವನಾಗತೊಡಗಿದ. ಊರವರಿಗೆ ಅದೆಲ್ಲ ಯಾಕೆ? ಕಡಲು ಸುಮ್ಮನೆ ಮಲಗಿತೆಂದು ಕುಣಿದದ್ದೇ ಕುಣಿದದ್ದು, ಮಂಕಾಳಿಯನ್ನು ಹೊತ್ತು ಮೆರೆಸಿದ್ದೇ ಮೆರೆಸಿದ್ದು!

ಆಮೇಲೆ ಕಡಲು ನಾರಿತು. ಮೀನು ದೂರ ಹೋಯಿತು. ಮೀನಿನ ಹಿಂದೆ ಜಟ್ಟಿಯೂ ದೂರ ಹೋದ. "ಹೆದರಬೇಡಮ್ಮಾ, ಗಾಳಿಯೇ ಇಲ್ಲವಲ್ಲ!" ಎಂದು ನಗುತ್ತ ಹೋದ. ಊರಲ್ಲಿ ಮಕ್ಕಳು ಹಸಿದು ಸಾಯತೊಡಗಿದಾಗ ಮಂಕಾಳಿ ಬೆಟ್ಟಕ್ಕೆ ಹೊರಟಳು. ಭರಣಿಯನ್ನು ಮನೆಗೆ ತರುವುದು, ಮಗ ದಡ ಸೇರಿದ ಮೇಲೆ ಗಂಟು ಬಿಚ್ಚುವುದು, ಇದು ಅವಳ ಎಣಿಕೆ.

ಮರಳದಂಡೆಯಲ್ಲಿ ಕಡಲಹದ್ದು ಅಡ್ಡ ಬಂತು. "ಗಾಳಿ ಮೇಲಿನ ಬಿಸಿನೀರನ್ನು ಆಚೆ ತಳ್ಳುತ್ತಿತ್ತು. ತಳದ ತಣ್ಣೀರು ಮೀನಿಗೆ ಮೇವು ಹೊತ್ತು ಮೇಲೆ ಬರುತ್ತಿತ್ತು. ಈಗ ಮೀನಿಲ್ಲ, ನನ್ನ ಮರಿಗಳೂ ಇಲ್ಲ. ಗಾಳಿ ಕಟ್ಟಿಸಿದ್ದು ಯಾರು?"

"ರಾಜ," ಎಂದಳು. ಹದ್ದು ಅವಳ ಕಿವಿ ಹರಿಯಿತು. "ಸುಳ್ಳಿನ ಸುಂಕ. ಹೋಗು."

ಬತ್ತಿದ ಹೊಳೆಯಲ್ಲಿ ಮೊಸಳೆ ಬಾಯಿ ತೆರೆಯಿತು. "ಮೋಡಗಳು ಕಡಲ ಮೇಲೇ ಕೂತಿವೆ, ಈಚೆ ತರುವವರಿಲ್ಲ. ಗಾಳಿ ಕಟ್ಟಿಸಿದ್ದು ಯಾರು?"

"ಊರವರು," ಎಂದಳು. ಮೊಸಳೆ ಅವಳ ಕಾಲ್ಬೆರಳು ಕಚ್ಚಿ ಕಿತ್ತುಕೊಂಡಿತು. "ಸುಳ್ಳಿನ ಸುಂಕ. ಹೋಗು."

ಒಣಗಿದ ಕಾಡಿನಲ್ಲಿ ಬಿಳಿಯಾನೆ ನಿಂತಿತ್ತು. "ಮಳೆಯಿಲ್ಲ, ಬಿದಿರಿಲ್ಲ. ನನ್ನ ಹಿಂಡಿನಲ್ಲಿ ಉಳಿದವಳು ನಾನೊಬ್ಬಳೇ. ಗಾಳಿ ಕಟ್ಟಿಸಿದ್ದು ಯಾರು?"

ಮಂಕಾಳಿ ಕುಸಿದು ಕೂತು ಅತ್ತಳು. "ನಾನೇ, ತಾಯಿ. ನಾನೇ."

ಆನೆ ಸೊಂಡಿಲಿನಿಂದ ಎತ್ತಿ ಅವಳನ್ನು ಗುಹೆಯ ಬಾಗಿಲಿಗೆ ಇಳಿಸಿತು.

ಒಳಗೆ ಕಾರ್ಕೋಟಿ ಭರಣಿ ತಬ್ಬಿಕೊಂಡು ಕೂತಿದ್ದ. "ಇನ್ನು ಒಂದೇ ಗುಟುಕು. ಇದು ಇಳಿದರೆ ನನಗೆ ಸಾವಿಲ್ಲ, ಗಾಳಿ ಮತ್ತೆ ಹುಟ್ಟುವುದಿಲ್ಲ. ಬಿಚ್ಚುತ್ತೀಯಾ? ಮೊದಲು ಅಲ್ಲಿ ನೋಡು."

ಗುಹೆಯ ಬಾಗಿಲಾಚೆ, ನಡುಗಡಲಿನಲ್ಲಿ ಜಟ್ಟಿಯ ದೋಣಿ ಎಳ್ಳುಕಾಳಿನಷ್ಟು ಕಾಣುತ್ತಿತ್ತು.

"ಗಂಟು ಬಿಚ್ಚಿದರೆ ಮಗ ಹೋದ!" ಎಂದು ನಕ್ಕು ಅವನು ಕೊಳವೆಗೆ ಬಾಯಿಟ್ಟ.

"ನೀನು ಹಾಳಾಗಿ ಹೋಗ!" ಎಂದು ಚೀರಿ ಮಂಕಾಳಿ ಗಂಟು ಎಳೆದಳು.

ಗಾಳಿ ಭೋರೆಂದು ಹೊರಬಿತ್ತು. ಅವನು ಕುಡಿದದ್ದೆಲ್ಲ ಹೊಟ್ಟೆ ಸೀಳಿಕೊಂಡು ಬಂತು. ಮಾಂತ್ರಿಕ ಹಿಡಿ ಬೂದಿಯಾಗಿ ಹಾರಿಹೋದ.

ಮೋಡ ಬಂತು, ಮಳೆ ಬಂತು, ತಳದ ನೀರು ಮೇಲೆ ಬಂತು, ಮೀನು ರಾಶಿ ರಾಶಿ ಬಂತು. ರಾಜ, ಊರವರು, ಹದ್ದು, ಮೊಸಳೆ, ಆನೆ ಎಲ್ಲರೂ ಸುಖವಾಗಿದ್ದರು. ಜಟ್ಟಿಯ ದೋಣಿಯದು ಒಂದು ಹಲಗೆ ಮಾತ್ರ ದಡಕ್ಕೆ ಬಂತು.

ರಾಜ ಮಂಕಾಳಿಗೆ ಬೆಳ್ಳಿತಟ್ಟೆಯಲ್ಲಿ ಹುರಿದ ಮೀನು ಕಳಿಸಿದ. "ನಿನ್ನಿಂದ ರಾಜ್ಯ ಉಳಿಯಿತು ತಾಯಿ, ಉಣ್ಣು," ಎಂದರು ಆಳುಗಳು.

"ಈ ಮೀನು ಯಾರನ್ನು ತಿಂದು ಕೊಬ್ಬಿದೆಯೋ, ನಿಮ್ಮ ರಾಜನನ್ನು ಕೇಳಿಕೊಂಡು ಬನ್ನಿ," ಎಂದಳು ಮಂಕಾಳಿ.

ತಟ್ಟೆ ಅರಮನೆಗೆ ವಾಪಸು ಹೋಯಿತು. ರಾಜ ಅದನ್ನು ಉಂಡು ಮಲಗಿದ.