ಹದಿನೈದು ಡಿಗ್ರಿಯ ಸುಳ್ಳು

ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಹಳೆಯ ಗ್ರಾಫ್ ತೆರೆದವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯ್ಲರ್ ಆಪರೇಟರ್ ಮಹಾಶಯ ಎರಡು ವರ್ಷದಿಂದ ಅವಳಿಗೆ ಕಳಿಸುತ್ತಿದ್ದ ಟೆಂಪರೇಚರಿಗೂ ಇಲ್ಲಿರುವುದಕ್ಕೂ ಹದಿನೈದು ಡಿಗ್ರಿ ಅಂತರ. ಪುಣ್ಯಾತ್ಮ ಪ್ರತಿ ಸಲವೂ ಹೆಚ್ಚಿಗೇ ಹೇಳಿದ್ದ.

ಕರೆಂಟು ತಯಾರಿಸುವ ಆ ಸ್ಥಾವರದ ಹಬೆ ಪೈಪುಗಳು ಬಿಸಿಗೂ ಒತ್ತಡಕ್ಕೂ ಸಿಕ್ಕಿ, ವರ್ಷಗಟ್ಟಲೆ ಕೂದಲೆಳೆಯಷ್ಟೇ ಹಿಗ್ಗುತ್ತ ಹೋಗುತ್ತವೆ. ಕ್ರೀಪ್ ಅನ್ನುತ್ತಾರೆ. ಇನ್ನೆಷ್ಟು ಕಾಲ ತಾಳುತ್ತವೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಹದಿನೈದು ಡಿಗ್ರಿ ಏರಿದರೆ ಸಾಕು, ಪೈಪಿನ ಆಯಸ್ಸು ಅರ್ಧಕ್ಕಿಳಿಯುತ್ತದೆ.

ಆದರೆ ತನ್ನ ಆಫೀಸಿನಿಂದ ಇಲ್ಲಿಗೆ ಬಂದು ಅಳೆದಾಗಲೆಲ್ಲ ಪೈಪು ಅವಳ ಲೆಕ್ಕದ ಅರ್ಧದಷ್ಟೇ ಹಿಗ್ಗಿರುತ್ತಿತ್ತು. ಈ ಸಲವೂ ತಾಳೆಯಾಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಅವಳ ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು.

ಆಪರೇಟರ್ ಎರಡು ಕಪ್ ಟೀ ಹಿಡಿದು ಒಳಬಂದ. ತುಟಿಯಂಚಿನಲ್ಲೇ ನಗುವ, ನೋಡಿಯೂ ನೋಡದವನಂತೆ ನೋಡುವ ಅದೇ ಹಳೆಯ ಚಾಳಿ. ಆ ನೋಟಕ್ಕಾಗಿ ತಾನೂ ಕಾದಿದ್ದು ನೆನಪಾಗಿ ಅವಳ ಸಿಟ್ಟು ನೆತ್ತಿಗೇರಿತು. ಪರದೆ ಕಂಡವನ ಮುಖ ಬಿಳಿಚಿಕೊಂಡಿತು.

"ಯಾಕೆ ಹೀಗೆ ಮಾಡಿದ್ರಿ?"

"ನಿಜ ಹೇಳಿದ್ರೆ ನೀವು ಮೂರು ವರ್ಷಕ್ಕೊಮ್ಮೆ ಬರ್ತೀರಿ. ಆಯಸ್ಸು ಕಮ್ಮಿ ಅಂದ್ರೆ ಮೂರು ತಿಂಗಳಿಗೊಮ್ಮೆ." ಅವನು ತಲೆ ತಗ್ಗಿಸಿದ. "ನಿಮ್ಮನ್ನ ನೋಡ್ದೆ ಇರೋಕಾಗ್ತಿರ್ಲಿಲ್ಲ."

"ಬನ್ನಿ ಅಂತ ಕರೆಯೋಕೆ ಬಾಯಿರ್ಲಿಲ್ವಾ? ನನ್ನ ಲೆಕ್ಕಾನೇ ತಪ್ಪು ಅಂದ್ಕೊಂಡು ಎರಡು ವರ್ಷ ನಿದ್ದೆಗೆಟ್ಟಿದ್ದೀನಿ."

ಅವಳ ಮೇಲೆ ಗೂಬೆ ಕೂರುತ್ತದೆಂದು ತನಗೆ ಹೊಳೆದೇ ಇರಲಿಲ್ಲ ಎಂದು ಅವನು ತೊದಲಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಧಿಕಾರಿಗೆ ಫೋನು ಹಚ್ಚಿ ಅವನ ಕೈಗೆ ತುರುಕಿದಳು.

ಅವನು ಒಂದನ್ನೂ ಮುಚ್ಚಿಡದೆ ಒಪ್ಪಿಕೊಂಡ. ಆ ಕಡೆಯಿಂದ ಮಂಗಳಾರತಿ ಚೆನ್ನಾಗಿಯೇ ಆಯಿತು. ಅವನ ಮ್ಯಾನೇಜರಿಗೂ ವಿಷಯ ಮುಟ್ಟಿಸುತ್ತೇವೆ ಎಂದರು. ಕೊನೆಗೆ, ಹುಡುಗಿಯ ಲೆಕ್ಕ ಸರಿಯಾಗಿದೆ, ಮುಂದಿನ ತಪಾಸಣೆ ಮೂರು ವರ್ಷದ ನಂತರ ಎಂದರು.

ಅವನು ಫೋನು ಹಿಂದಿರುಗಿಸಿದ. ಕಣ್ಣು ತುಂಬಿದ್ದವು. ತಪ್ಪು ತನ್ನದೇ, ಇನ್ನು ಮುಖ ತೋರಿಸುವುದಿಲ್ಲ ಎಂದ.

ಅವಳು ಅಳತೆಯ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿ ಬಾಗಿಲವರೆಗೆ ಹೋದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅವನನ್ನು ಬಿಟ್ಟು ಹೋಗಲೂ ಮನಸ್ಸು ಬರಲಿಲ್ಲ.

"ಪೈಪು ಮೂರು ವರ್ಷ ಕಾಯುತ್ತೆ, ನಾನು ಕಾಯಲ್ಲ. ಭಾನುವಾರ ನಮ್ಮನೆಗೆ ಬನ್ನಿ. ಬೈಯೋದು ಇನ್ನೂ ಬೇಕಾದಷ್ಟಿದೆ."