ಐದನೇ ಕೊಠಡಿಯ ಚಾವಣಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಸರ್ಕಾರಿ ಶಾಲೆಯ ಹೆಡ್ ಮಾಸ್ತರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ, ಭಾನುವಾರ, ಯಾರೋ ದುಷ್ಕರ್ಮಿಗಳು ಐದನೇ ಕೊಠಡಿಗೆ ನುಗ್ಗಿ ಚಾವಣಿಯ ಗಾರೆಯನ್ನು ಸುತ್ತಿಗೆಯಿಂದ ಒಡೆದು ಕೆಡವಿದ್ದಾರೆ ಎಂಬುದು ಅದರ ಸಾರಾಂಶ. ಏನೂ ಕಳುವಾಗಿರಲಿಲ್ಲ. ಕಳುವಾಗುವಂಥದ್ದು ಆ ಶಾಲೆಯಲ್ಲಿ ಏನೂ ಇರಲಿಲ್ಲ ಎಂಬುದು ಬೇರೆ ಮಾತು.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇದೆ. ಬಸ್ ಸ್ಟ್ಯಾಂಡ್ ಪಕ್ಕ ಇಸ್ತ್ರಿ ಅಂಗಡಿ ಇಟ್ಕೊಂಡಿರೋ ಹೆಂಗಸಿದಾಳಲ್ಲ, ಅವಳ ಅಣ್ಣ. ಗಾರೆ ಕೆಲಸದೋನು. ಹೋದ ವಾರ ಶಾಲೆಗೆ ಬಂದು ಬಾಯಿಗೆ ಬಂದ ಹಾಗೆ ಬೈದು ಹೋಗಿದ್ದ.”

“ಯಾಕೆ?”

ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. “ಅವನ ತಂಗಿ ಮಗಳು ಆಟ ಆಡ್ತಾ ಬಿದ್ದು ಬೆರಳು ಮುರ್ಕೊಂಡ್ಳು. ಅದಕ್ಕೆ ನಾವೇ ಹೊಣೆ ಅಂತ.”

ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ಆಸ್ತಿಗೆ ಹಾನಿ. ಠಾಣೆಯಲ್ಲಿ ಎಲ್ಲರೂ ‘ಗಡಿಯಾರ’ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಸಮಯ ಬರೆದುಕೊಂಡ. ಚಹಾ ಕುಡಿದರೂ ಎಷ್ಟು ಗಂಟೆಗೆಂದು ಬರೆದಿಡುವ ಆಸಾಮಿ ಅವನು.

ಪಂಚನಾಮೆ ಮಾಡಲು ಹೋದಾಗ ಮಕ್ಕಳು ಉಳಿದ ಏಳು ಕೊಠಡಿಗಳಲ್ಲಿ ಒತ್ತಿಕೊಂಡು ಕೂತಿದ್ದರು. ಐದನೇ ಕೊಠಡಿಯ ಬಾಗಿಲಿಗೆ ಚಿಲಕವೇ ಇಲ್ಲ. ಒಳಗೆ ಕಾಲಿಟ್ಟವರೆಲ್ಲ, ಇನ್ಸ್‌ಪೆಕ್ಟರ್, ಗಡಿಯಾರ, ಪಂಚರಾಗಿ ಬಂದಿದ್ದ ಅಂಗಡಿಯವರಿಬ್ಬರು, ಮೊದಲು ತಲೆಯೆತ್ತಿ ಮೇಲೆ ನೋಡಿದರು. ಚಾವಣಿಯ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಗಾರೆ ಇರಲಿಲ್ಲ. ತುಕ್ಕು ಹಿಡಿದು ಉಬ್ಬಿದ ಕಂಬಿಗಳು ಕಾಣುತ್ತಿದ್ದವು. ಕೆಲವು ಕಡೆ ಕಂಬಿಯೂ ಕರಗಿ, ಬರಿಯ ಕೆಂಪು ಪುಡಿ ಉಳಿದಿತ್ತು.

ಬೆಂಚುಗಳನ್ನೆಲ್ಲ ಮೊದಲೇ ವರಾಂಡಕ್ಕೆ ಸಾಗಿಸಿಡಲಾಗಿತ್ತು. ತೊಲೆಯ ಕೆಳಗೆ ಎರಡು ಕಬ್ಬಿಣದ ಆಸರೆ ಕಂಬಗಳು ನಿಂತಿದ್ದವು.

“ಈ ಕಂಬ ಶಾಲೇದಾ?”

“ಅಲ್ಲ ಸಾರ್,” ಎಂದರು ಹೆಡ್ ಮಾಸ್ತರು. “ನಾನು ಇವತ್ತೇ ನೋಡ್ತಿರೋದು.”

ಒಡೆಯಲು ಬಂದವನು ಬೆಂಚು ಹಾಳಾಗದಂತೆ ತೆಗೆದಿಟ್ಟು, ತೊಲೆ ಬೀಳದಂತೆ ಆಸರೆ ಕೊಟ್ಟು, ಆಮೇಲೆ ಒಡೆದಿದ್ದಾನೆ. ಇಂಥ ಮರ್ಯಾದಸ್ಥ ದುಷ್ಕರ್ಮಿಯನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ. ಗಡಿಯಾರ ಕಂಬಗಳನ್ನು ಬಗ್ಗಿ ನೋಡಿ, ಬುಡಕ್ಕೆ ನೀಲಿ ಬಣ್ಣ ಹಚ್ಚಿದ್ದನ್ನು ಬರೆದುಕೊಂಡ.

ಶಾಲೆಯ ಎದುರಿನ ಮನೆಗಳಲ್ಲಿ ವಿಚಾರಿಸಿದರು. ಭಾನುವಾರ ಮಧ್ಯಾಹ್ನವಿಡೀ ಬಡಿಯುವ ಸದ್ದು ನಾಲ್ಕು ಮನೆಗೂ ಕೇಳಿಸಿತ್ತು.

“ಹಾಗಿದ್ರೆ ಹೋಗಿ ನೋಡೋದಲ್ವಾ?”

“ಕೊನೆಗೂ ರಿಪೇರಿಗೆ ಬಂದ್ರಲ್ಲ ಅನ್ಕೊಂಡ್ವಿ ಸಾರ್,” ಎಂದಳು ಒಬ್ಬ ಅಜ್ಜಿ. ಹೇಳಿದ ಮೇಲೆ ಅವಳಿಗೇ ಒಂಥರಾ ಆಯಿತು. ಬಾಗಿಲು ಮುಂದೆ ಮಾಡಿಕೊಂಡಳು.

ಗಾರೆ ಕೆಲಸದವನನ್ನು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು.

“ಭಾನುವಾರ ಎಲ್ಲಿದ್ದೆ?”

“ಮನೇಲಿ ಮಲಗಿದ್ದೆ.”

“ಯಾರು ನೋಡಿದ್ರು?”

“ಮಲಗಿರೋನನ್ನ ಯಾರು ನೋಡ್ತಾ ಕೂರ್ತಾರೆ ಸಾರ್?”

ಇನ್ಸ್‌ಪೆಕ್ಟರ್‌ಗೆ ನಗು ಬಂತು, ತಡೆದುಕೊಂಡರು. ಇಸ್ತ್ರಿ ಅಂಗಡಿಗೆ ತಾವೇ ಹೋದರು. ಅಂಗಡಿಯ ಮೂಲೆಯಲ್ಲಿ ಹತ್ತು ವರ್ಷದ ಹುಡುಗಿ ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು, ಎಡಗೈಯಲ್ಲಿ ಬರೆಯಲು ಹೆಣಗುತ್ತಿದ್ದಳು.

“ಮಗಳಿಗೆ ಏನಾಯ್ತಮ್ಮ?”

“ಆಟ ಆಡ್ತಾ ಬಿದ್ಲು.” ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕಾಲರಿನ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದಳು.

“ಎಲ್ಲಿ ಬಿದ್ಲು?”

ಅವಳು ಅಂಗಿಯನ್ನು ಮಗುಚಿ ಹಾಸಿದಳು. ಇನ್ಸ್‌ಪೆಕ್ಟರ್ ಕಾದರು.

“ಬಿದ್ದಿದ್ದು ಅವಳಲ್ಲ ಸಾರ್, ಗಾರೆ,” ಎಂದಳು ಕೊನೆಗೆ, ತಲೆಯೆತ್ತದೆ. “ಕೈ ಮೇಲೇ ಬಿತ್ತು. ತಲೆ ಉಳೀತು. ಆಟ ಆಡ್ತಾ ಬಿದ್ಲು ಅಂತ ಹೇಳಿ ಅಂದ್ರು ಮಾಸ್ತರು. ನಾನೂ ಹೂಂ ಅಂದೆ. ಸುದ್ದಿಯಾಗಿ ಶಾಲೆ ಮುಚ್ಚಿಬಿಟ್ರೆ ಇವಳು ಎಲ್ಲಿಗೆ ಹೋಗ್ಬೇಕು? ಇನ್ನೊಂದು ಶಾಲೆಗೆ ಎರಡು ಬಸ್ ಹತ್ಬೇಕು. ಮಗಳ ಬೆರಳಿನ ವಿಷಯದಲ್ಲಿ ಸುಳ್ಳು ಹೇಳ್ದೆ ಸಾರ್. ಎಂಥಾ ತಾಯಿ ನಾನು.”

ಇನ್ಸ್‌ಪೆಕ್ಟರ್ ಎದ್ದು ಬಂದರು. ಗಾರೆ ಬಿದ್ದ ಮೇಲೂ ಎಂಟು ದಿನ ಅದೇ ಕೊಠಡಿಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿದ್ದರೆಂದು ಆಮೇಲೆ ತಿಳಿಯಿತು.

ಮಂಗಳವಾರ 11.15ಕ್ಕೆ, ನಷ್ಟದ ಅಂದಾಜು ಮಾಡಿಕೊಡಲು ಶಾಲಾ ಕಟ್ಟಡಗಳನ್ನು ನೋಡಿಕೊಳ್ಳುವ ಸರ್ಕಾರಿ ಇಂಜಿನಿಯರ್ ಸ್ಥಳಕ್ಕೆ ಬಂದರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು. ಎರಡೂ ಕಣ್ಣು ಕೆಂಡದಂತೆ ಕೆಂಪಾಗಿದ್ದವು.

“ಕಣ್ಣಿಗೇನಾಯ್ತು ಸಾರ್?” ಗಡಿಯಾರ ಕೇಳಿದ.

“ಕಣ್ಣುಬೇನೆ. ಮನೇಲಿ ಎಲ್ಲರಿಗೂ ಬಂದಿದೆ.”

ಒಳಗೆ ಬಂದವರೇ ಕಂಬಗಳನ್ನು ಬಳಸಿಕೊಂಡು ಕಿಟಕಿಯ ಬಳಿ ಹೋಗಿ, ಗೋಡೆಗೆ ಒರಗಿ ಅಂದಾಜು ಬರೆಯತೊಡಗಿದರು. ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ಎಲ್ಲ ಬರೆದರು. ಮೇಲೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಎಷ್ಟೋ ಸಲ ಹಿಡಿದಿದ್ದರು. ನೋಡಬೇಕಾದದ್ದನ್ನು ನೋಡದೆ ಸಿಕ್ಕಿಬಿದ್ದವರು ಇವರೊಬ್ಬರೇ. ಇನ್ಸ್‌ಪೆಕ್ಟರ್ ಅಲ್ಲಿ ಏನನ್ನೂ ಕೇಳಲಿಲ್ಲ. ಅಂದಾಜಿಗೆ ಸಹಿ ಹಾಕಿಸಿಕೊಂಡು, ಗಡಿಯಾರನನ್ನು ಆಸರೆ ಕಂಬ, ಹಲಗೆಯಂಥ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಕಳಿಸಿದರು.

ಮೂರನೇ ಅಂಗಡಿಯವನು ಫೋಟೋ ನೋಡಿದೊಡನೆ ತನ್ನ ಕಂಬ ಗುರುತಿಸಿದ. ಬುಡಕ್ಕೆ ನೀಲಿ ಹಚ್ಚುವುದು ಅವನೊಬ್ಬನೇ.

“ಯಾರು ತಗೊಂಡು ಹೋದ್ರು?”

“ಇಂಜಿನಿಯರ್ ಸಾಹೇಬ್ರು. ಶನಿವಾರ ಸಂಜೆ. ದೊಡ್ಡ ಸುತ್ತಿಗೆನೂ ಕೇಳಿ ತಗೊಂಡ್ರು. ಯಾಕೆ, ವಾಪಸ್ ಕೊಡಲ್ವಂತಾ?”

ಸಂಜೆ 5.30ಕ್ಕೆ ಇಂಜಿನಿಯರ್ ಠಾಣೆಗೆ ಬಂದರು. ಬೆಂಚಿನ ಮೇಲೆ ಗಾರೆ ಕೆಲಸದವನು ಎರಡನೇ ದಿನವೂ ಕೂತಿದ್ದ. ಅವನು ಯಾರು, ಯಾಕೆ ಕೂತಿದ್ದಾನೆ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಇಂಜಿನಿಯರ್ ಕುರ್ಚಿಯಲ್ಲಿ ಕೂರುವ ಮೊದಲೇ ಒಪ್ಪಿಕೊಂಡರು.

“ಅವರನ್ನ ಬಿಟ್ಟುಬಿಡಿ. ಒಡೆದಿದ್ದು ನಾನು. ಕಣ್ಣಿಗೆ ಬಿದ್ದಿದ್ದೂ ಆ ಗಾರೆ ಧೂಳೇ.”

“ಯಾಕೆ?”

“ಇವತ್ತೋ ನಾಳೆಯೋ ಬೀಳ್ತಿತ್ತು.”

“ಬೀಳತ್ತೆ ಅಂತ ಬರೆದು ಕೊಡೋದು ನಿಮ್ಮ ಕೆಲಸ. ಒಂದು ಕಾಗದದಲ್ಲಿ ಮುಗೀತಿತ್ತು.”

ಇಂಜಿನಿಯರ್ ಕರವಸ್ತ್ರ ತೆಗೆದು ಕಣ್ಣು ಒತ್ತಿಕೊಂಡರು.

“ರಜಾ ಮುಗಿದು ಶಾಲೆ ಶುರುವಾಗುವಾಗ ಎಂಟೂ ಕೊಠಡಿ ಗಟ್ಟಿಯಾಗಿದೆ ಅಂತ ಬರೆದುಕೊಟ್ಟೋರು ನೀವೇ ಅಲ್ವಾ?”

“ಹೌದು.”

“ನೋಡಿ ಬರೆದಿದ್ರಾ?”

“ನೋಡೇ ಬರೆದಿದ್ದು. ಆಮೇಲೆ ಹಾಳಾಗಿರಬೇಕು.”

ಸುತ್ತಿಗೆಯ ವಿಷಯ ಸಲೀಸಾಗಿ ಬಂದಿತ್ತು. ಸಹಿಯ ವಿಷಯ ಬರಲಿಲ್ಲ. ಇನ್ಸ್‌ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು.

“ನೋಡಿ, ನೀವು ಒಡೆದಿದ್ದಕ್ಕೆ ಒಂದು ಕೊಠಡಿ ಖಾಲಿಯಾಯ್ತು. ಆ ಮಕ್ಕಳನ್ನ ಉಳಿದ ಏಳರಲ್ಲಿ ತುಂಬಿದಾರೆ. ಆ ಏಳೂ ನಿಮ್ಮ ಲೆಕ್ಕದಲ್ಲಿ ಇವತ್ತಿಗೂ ಗಟ್ಟಿ. ನೀವು ಬಾಯಿ ಬಿಡದೆ ನಾನು ಬೀಗ ಹಾಕೋಕಾಗಲ್ಲ. ನಾಳೆ ಬೆಳಿಗ್ಗೆ ಮತ್ತೆ ಅಲ್ಲೇ ಕೂರ್ತಾರೆ.”

“ಕೆಲಸ ಹೋಗತ್ತೆ ಸಾರ್. ಅದೂ ಹೋಗ್ಲಿ. ನನ್ನ ಹೆಂಡತಿನೂ ಟೀಚರ್ರು. ಅವಳಿಗೆ ಏನಂತ ಹೇಳ್ಲಿ?”

ಅಷ್ಟರಲ್ಲಿ ಇಸ್ತ್ರಿ ಅಂಗಡಿಯವಳು ಅಣ್ಣನನ್ನು ಕರೆದೊಯ್ಯಲು ಮಗಳೊಂದಿಗೆ ಒಳಗೆ ಬಂದಳು. ಹುಡುಗಿ ಮಾಮನ ಬಳಿ ಹೋಗುತ್ತಿದ್ದವಳು ಇಂಜಿನಿಯರನ್ನು ಕಂಡು ನಿಂತಳು. ಪರಿಚಯದವರು ಸಿಕ್ಕ ಖುಷಿಯಲ್ಲಿ ತಾಯಿಯ ಸೆರಗು ಎಳೆದಳು.

“ಅಮ್ಮ, ಶಾಲೆ ನೋಡೋಕೆ ಬಂದಿದ್ರಲ್ಲ, ಆ ಸಾರ್. ನಾನು ಇವರಿಗೆ ಹೇಳಿದ್ದೆ.”

“ಏನು ಹೇಳಿದ್ದೆ ಪುಟ್ಟಿ?” ಇನ್ಸ್‌ಪೆಕ್ಟರ್ ಕೇಳಿದರು.

“ಒಳಗೆ ಬನ್ನಿ ಸಾರ್, ಮೇಲಿಂದ ಮಣ್ಣು ಉದುರತ್ತೆ ಅಂತ. ಊಟಕ್ಕೆ ಹೊತ್ತಾಗಿತ್ತು. ಬಾಗಿಲಲ್ಲೇ ನಿಂತು ‘ಜಾಣೆ’ ಅಂದು ಹೋದ್ರು.” ದೂರುವ ದನಿ ಅಲ್ಲ. ಜಾಣೆ ಅನ್ನಿಸಿಕೊಂಡಿದ್ದು ಅವಳಿಗೆ ನೆನಪಿತ್ತು, ಅಷ್ಟೆ.

ಇಂಜಿನಿಯರ್ ಆ ಬ್ಯಾಂಡೇಜನ್ನು ನೋಡಿದರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹುಡುಗಿಯನ್ನು ಹೊರಗೆ ಕರೆದೊಯ್ಯುವವರೆಗೂ ಕೈ ತೆಗೆಯಲಿಲ್ಲ.

“ಬರ್ಕೊಳ್ಳಿ,” ಎಂದರು. “ಒಂದು ಕೊಠಡಿಗೂ ನಾನು ಕಾಲಿಡಲಿಲ್ಲ. ವರಾಂಡದಲ್ಲಿ ನಡ್ಕೊಂಡು ಹೋಗಿ ಎಂಟಕ್ಕೂ ಸಹಿ ಹಾಕ್ದೆ. ಗಾರೆ ಬಿದ್ದಿದ್ದು ಶುಕ್ರವಾರ ಗೊತ್ತಾಯ್ತು. ಗಟ್ಟಿ ಅಂತ ಬರೆದಿದ್ದನ್ನ ರದ್ದು ಮಾಡೋಕೆ ಕಾಗದ ಎತ್ಕೊಂಡೆ. ಯಾಕೆ ರದ್ದು ಅಂತ ಬರೀಬೇಕಲ್ಲ ಸಾರ್, ಅಲ್ಲಿಗೆ ಕೈ ನಿಂತುಹೋಯ್ತು.”

ಗಾರೆ ಕೆಲಸದವನನ್ನು ಮನೆಗೆ ಕಳಿಸಿ, 7.05ಕ್ಕೆ ಇಂಜಿನಿಯರರ ದಸ್ತಗಿರಿ ತೋರಿಸಲಾಯಿತು. ಹುಡುಗಿಯ ಬೆರಳಿನ ಬಗ್ಗೆ ತಾಯಿಯಿಂದ ದೂರು ಪಡೆದು, ಹೆಡ್ ಮಾಸ್ತರನ್ನೂ ಸೇರಿಸಿ ಬೇರೆ ಎಫ್‌ಐಆರ್ ಹಾಕಿದರು. ಗಡಿಯಾರ ರಿಮಾಂಡ್ ವರದಿ ಬರೆಯುತ್ತ ತಲೆ ಕೆರೆದುಕೊಂಡ.

“ಚಾವಣಿ ಒಡೆಯೋಕೆ ಕಾರಣ ಏನಂತ ಬರೀಲಿ ಸಾರ್? ದ್ವೇಷ ಅಲ್ಲ, ದುಡ್ಡಲ್ಲ.”

“ನಾಚಿಕೆ ಅಂತ ಬರಿ.”

“ಕೋರ್ಟಲ್ಲಿ ನಡೆಯತ್ತಾ?”

“ನಡೀದಿದ್ರೆ ಬಿಡ್ಲಿ. ನಡೆದಿದ್ದು ಅದೇ.”

ಬುಧವಾರ ಬೆಳಿಗ್ಗೆ ಆ ಹೇಳಿಕೆಯ ಆಧಾರದ ಮೇಲೆ ಮೇಲಧಿಕಾರಿಗಳಿಂದ ಆದೇಶ ತಂದು ಎಂಟೂ ಕೊಠಡಿಗಳಿಗೆ ಬೀಗ ಹಾಕಿ ಮೊಹರು ಮಾಡಿದರು. ಮಕ್ಕಳು ಚೀಲ ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ, ಮೈದಾನದ ಮಣ್ಣಿನ ಮೇಲೆ ಸಾಲಾಗಿ ಕೂತರು. ಇನ್ಸ್‌ಪೆಕ್ಟರ್ ಜೀಪು ಹತ್ತುವಾಗ ಇಸ್ತ್ರಿ ಅಂಗಡಿಯವಳು ಗೇಟಿನ ಬಳಿ ನಿಂತಿದ್ದಳು.

“ಒಳ್ಳೇದು ಮಾಡಿದ್ರಿ ಸಾರ್,” ಎಂದಳು. “ಬೀಗ ಹಾಕೋಕೆ ಇಷ್ಟು ಜನ ಬಂದ್ರಿ. ತೆಗೆಯೋಕೆ ಯಾರು ಬರ್ತಾರೆ?”

ಅವಳು ವ್ಯಂಗ್ಯಕ್ಕೆ ಕೇಳಿದ್ದಲ್ಲ. ಉತ್ತರಕ್ಕಾಗಿ ನಿಂತೇ ಇದ್ದಳು. ವಿಚಾರಿಸಿ ಹೇಳ್ತೀನಮ್ಮ ಎಂದರು ಇನ್ಸ್‌ಪೆಕ್ಟರ್, ಅವಳ ಮುಖ ನೋಡದೆ. ಯಾರನ್ನು ವಿಚಾರಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ.