ಇಪ್ಪತ್ತೈದು ನಿಮಿಷದ ಸುಳ್ಳು

"ಶುರು ಮಾಡಿ ಮೇಡಂ," ಎಂದು ಹಿಂದಿಯಲ್ಲಿ ಹೇಳಿ, ಅವನು ತನ್ನ ಫೋನನ್ನು ಕೃಪಾಳ ಕೈ ಪಕ್ಕದಲ್ಲೇ ಇಟ್ಟ. ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು.

ಕೃಪಾ ಪೆನ್ಸಿಲ್ ಕೆಳಗಿಟ್ಟಳು. "ನಾನೇನು ರೇಸಿನ ಕುದುರೆನಾ?"

ಅವನು ನಕ್ಕ. ಮುಂದಿನ ಮಾತು ಬಂದದ್ದು ಕನ್ನಡದಲ್ಲಿ!

"ಕುದುರೆ ಅಲ್ಲ... ನೀವು ಕನ್ನಡದವರು, ಅಲ್ವಾ? ಹಾಜರಿ ಪುಸ್ತಕದಲ್ಲಿ ನೋಡಿದೆ, ಕೃಪಾ ದಾಮೋದರ ಐತಾಳ. ನಾನೂ ಕನ್ನಡವೇ. ಹೃಷಿಕೇಶ. ಇಲ್ಲೇ ಕೊಯಾಲಿ ರಿಫೈನರಿ ಟೌನ್‌ಶಿಪ್‌ನಲ್ಲಿ ಬೆಳೆದಿದ್ದು, ಅದಕ್ಕೆ ಭಾಷೆ ಸ್ವಲ್ಪ... ಮುರಿದಿದೆ."

ಓಹೋ! ಮೊದಲು ಗಡಿಯಾರ, ಆಮೇಲೆ ಮನೆಮಾತು... ಕೃಪಾ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ವಡೋದರಾದ ಆ ಕೋರ್ಟಿನ ಗುಮಾಸ್ತರ ಕಚೇರಿಯಲ್ಲಿ ಖರ್ಚು ತಗ್ಗಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಯಾವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು, ಯಾವ ಮೇಜನ್ನು ಮುಚ್ಚಬಹುದು ಎಂದು ಅಳೆದು ವರದಿ ಬರೆಯಲು ಬಂದವನು ಈ ಹೃಷಿಕೇಶ. ಕೃಪಾ ನಕಲು ವಿಭಾಗದ ಗುತ್ತಿಗೆ ನೌಕರಳು. ತೀರ್ಪಿನ ಪ್ರತಿ ಹೊರಗೆ ಹೋಗುವ ಮೊದಲು ಹಿರಿಯ ಗುಮಾಸ್ತೆ ಸುಮತಿಬೆನ್ ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದರು, ಅಲ್ಪವಿರಾಮವನ್ನೂ ಬಿಡದೆ. ಕೃಪಾ ಪ್ರತಿಯ ಮೇಲೆ ಪೆನ್ಸಿಲ್ ಓಡಿಸಿ ತಾಳೆ ನೋಡುತ್ತಿದ್ದಳು. ಕೊನೆಗೆ ಇಬ್ಬರ ಸಹಿ.

ಆರು ವರ್ಷದ ಹಿಂದೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಒಂದು ವಿಮಾ ಕಚೇರಿಯಲ್ಲಿ, ಹೀಗೇ ಒಬ್ಬ ನಗುಮುಖದವನು ಅವಳ ಪಕ್ಕ ಕೂತು ಮೂರು ವಾರ ಚಹಾ ಕುಡಿದಿದ್ದ. ಅವಳ ಕೆಲಸವನ್ನೆಲ್ಲ ಕೇಳಿ ತಿಳಿದುಕೊಂಡಿದ್ದ. ನಾಲ್ಕನೆಯ ವಾರ ಅವಳ ಕುರ್ಚಿಯೇ ಇರಲಿಲ್ಲ! ಅಂದಿನಿಂದ ಯಾರಾದರೂ ಸಿಹಿಯಾಗಿ ಮಾತಾಡಿದರೆ ಕೃಪಾ ಮೊದಲು ತನ್ನ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕು?" ಎಂದು ಹೃಷಿಕೇಶ ಮತ್ತೆ ಹಿಂದಿಯಲ್ಲಿ ಕೇಳಿದ.

"ಇಪ್ಪತ್ತೈದು ನಿಮಿಷ."

ಸುಮತಿಬೆನ್ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಅವರಿಗೆ ಅರ್ಥವಾಯಿತು. ಹೆಚ್ಚು ಹೊತ್ತು ಎಂದರೆ ಹೆಚ್ಚು ಕೆಲಸ, ಹೆಚ್ಚು ಕೆಲಸ ಎಂದರೆ ಉಳಿಯುವ ಕುರ್ಚಿ! ಅವರು ಮಗುವನ್ನು ಮಲಗಿಸುವವರ ಹಾಗೆ ಎಳೆದೆಳೆದು ಓದಿದರು. ಕೃಪಾ ಪೆನ್ಸಿಲ್ ಕೆತ್ತಿದಳು, ನೀರು ಕುಡಿದಳು, ಮತ್ತೆ ಪೆನ್ಸಿಲ್ ಕೆತ್ತಿದಳು.

ಇಪ್ಪತ್ತೈದು ನಿಮಿಷವಾಯಿತು. ಅವನು ಬರೆದುಕೊಂಡು ಎದ್ದುಹೋದ.

ಆಮೇಲೆ ದಿನವೂ ಬಂದ. ಸಮನ್ಸ್ ಕಳಿಸುವ ಮೇಜು, ಕಡತಗಳ ಕೋಣೆ ಎಲ್ಲ ಸುತ್ತಿ, ಕೊನೆಗೆ ಅವಳ ಕಿಟಕಿಯ ಬಳಿ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ, ಬಟಾಣಿ ಸಾರಿನ ಮೇಲೆ ಖಾರಸೇವೆ ಉದುರಿಸಿದ ಬಿಸಿ ಸೇವ್ ಉಸಳ್ ತಂದಿಟ್ಟ.

"ಲಂಚಾನಾ?"

"ಅಲ್ಲ... ಊಟ. ನೀವು ಇವತ್ತು ಡಬ್ಬಿ ತೆಗೀಲೇ ಇಲ್ಲ."

ನಾನು ಡಬ್ಬಿ ತೆಗೆಯದಿದ್ದುದನ್ನೂ ಬರೆದುಕೊಂಡಿದ್ದಾನಾ? ಹಾಗೆ ಯೋಚಿಸುತ್ತಲೇ ತಿಂದಳು. ತುಂಬ ರುಚಿಯಾಗಿತ್ತು. ಅದಕ್ಕೇ ಇನ್ನಷ್ಟು ಕೋಪ ಬಂತು!

"ಹುಡುಗ ಒಳ್ಳೆಯವನು, ಬೇಟಾ," ಎಂದರು ಸುಮತಿಬೆನ್.

"ಬೆಕ್ಕೂ ಒಳ್ಳೆಯದೇ ಬೆನ್, ಹಾಲು ಕಾಣೋವರೆಗೆ."

ಬುಧವಾರ ಸಂಜೆ ಕಿಟಕಿಯ ಬಳಿ ಅವನ ಲ್ಯಾಪ್‌ಟಾಪ್ ತೆರೆದಿತ್ತು. ಕೆಂಪು ಅಕ್ಷರದಲ್ಲಿ ಒಂದು ಸಾಲು: ನಕಲು ವಿಭಾಗ, ಮುಚ್ಚುವುದು.

ಅವನು ಒಳಗೆ ಬಂದ ತಕ್ಷಣ ಕೃಪಾ ಸಿಡಿದಳು.

"ಇದಕ್ಕೇನಾ ಸೇವ್ ಉಸಳ್? ಇದಕ್ಕೇನಾ ಮುರಿದ ಕನ್ನಡ? ಮನೆಯವನ ಹಾಗೆ ಬಂದು ಕುತ್ತಿಗೆ ಕೊಯ್ತೀರಲ್ಲ!"

ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಕೃಪಾ, ಆ ಸಾಲು ಬರೆದಿದ್ದು ನಾನಲ್ಲ. ನೀವು."

"ನಾನಾ?"

"ಪುಟಕ್ಕೆ ಇಪ್ಪತ್ತೈದು ನಿಮಿಷ! ಇಡೀ ಕಚೇರಿಯಲ್ಲಿ ಅತಿ ದುಬಾರಿ ಮೇಜು ನಿಮ್ಮದೇ ಆಯ್ತು. ಹೊರಗಿನ ಏಜೆನ್ಸಿ ಮೂರು ಪಟ್ಟು ಅಗ್ಗ. ಅಂಕಿ ಹಾಕಿದ್ರೆ ಉತ್ತರ ತಾನಾಗೇ ಬರುತ್ತೆ: ಮುಚ್ಚುವುದು."

ಕೃಪಾ ಆ ಕೆಂಪು ಸಾಲನ್ನು ಮತ್ತೆ ಓದಿದಳು.

"ಹೋದ ವಾರ ಒಬ್ಬ ವಕೀಲರು ನಕಲು ಈಗಲೇ ಬೇಕು ಅಂತ ಕಿರುಚ್ತಾ ಇದ್ರಲ್ಲ," ಎಂದ ಅವನು ಮೆಲ್ಲಗೆ, "ಅವತ್ತು ನೀವಿಬ್ಬರು ಒಂದು ಪುಟ ನಾಲ್ಕು ನಿಮಿಷದಲ್ಲಿ ಮುಗಿಸಿದ್ರಿ. ನಾನು ನೋಡಿದೆ. ಆದ್ರೆ ಕದ್ದು ನೋಡಿದ್ದನ್ನ ನಾನು ಬರಿಯಲ್ಲ. ನೀವಾಗೇ ಹೇಳ್ತೀರಿ ಅಂತ ವರದಿಯನ್ನ ಎರಡು ಸಲ ಮುಂದೆ ಹಾಕಿದೆ. ಶುಕ್ರವಾರ ಕೊಡಲೇಬೇಕು. ಮತ್ತೆ ಅಳೆಯೋಣ?"

ಅವಳು ಕೈಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಮನೆಯಲ್ಲಿ ಅಮ್ಮ ಬಡಿಸಿದ ಅನ್ನ ತಟ್ಟೆಯಲ್ಲೇ ತಣ್ಣಗಾಯಿತು. ಇದೂ ಬಲೆಯಾಗಿದ್ದರೆ? ನಾಲ್ಕು ನಿಮಿಷ ಎಂದು ಒಪ್ಪಿಕೊಂಡರೆ, 'ಇಷ್ಟೇ ಕೆಲಸಕ್ಕೆ ಇಬ್ಬರು ಯಾಕೆ' ಎನ್ನುವುದಿಲ್ಲವೇ? ಒಮ್ಮೆ ಮೋಸ ಹೋದ ಹೆಂಗಸಿಗೆ ನಂಬುವುದು ಎಂದರೆ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ. ಆದರೆ ಈ ಸಲ ಕುರ್ಚಿ ಅಲ್ಲಾಡಿಸಿದ್ದು ಅವನಲ್ಲ... ನನ್ನ ಅನುಮಾನವೇ!

ಗುರುವಾರ ಬೆಳಿಗ್ಗೆ ಸುಮತಿಬೆನ್‌ಗೆ ಎಲ್ಲ ಹೇಳಿದಳು. ಪಿಂಚಣಿಗೆ ಮೂರೇ ವರ್ಷ ಉಳಿದಿದ್ದ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಇಪ್ಪತ್ತೆಂಟು ವರ್ಷ ಚೆನ್ನಾಗಿ ಓದಿದ್ದೀನಿ, ಬೇಟಾ. ಆವತ್ತು ಒಂದೇ ದಿನ ಕೆಟ್ಟದಾಗಿ ಓದಿದ್ದು. ಚಾಲೋ, ಕರಿ ಅವನನ್ನ."

ಹೃಷಿಕೇಶ ಎರಡು ಪ್ರತಿ ತಂದ. ಒಂದು ನಕಲು ವಿಭಾಗದ್ದೇ. ಇನ್ನೊಂದು, ಹಳೆಯ ಕೈಬರಹದ ಪಾಲುಪತ್ರವನ್ನು ಯಂತ್ರವೇ ಓದಿ ಮುದ್ರಿಸಿದ್ದು.

ಸುಮತಿಬೆನ್ ಓದತೊಡಗಿದರು. ಕೃಪಾಳ ಪೆನ್ಸಿಲ್ ಸಾಲಿನಿಂದ ಸಾಲಿಗೆ ಮೀನಿನ ಹಾಗೆ ಈಜಿತು. ಮೊದಲ ಪ್ರತಿ ನಾಲ್ಕು ನಿಮಿಷಕ್ಕೆ ಮುಗಿಯಿತು. ಎರಡನೆಯದರಲ್ಲಿ ಪೆನ್ಸಿಲ್ ತಟ್ಟನೆ ನಿಂತಿತು.

"ನಿಲ್ಲಿಸಿ ಬೆನ್! ಇಲ್ಲಿ ಒಂದು ಸಾಲೇ ಇಲ್ಲ. ಮಗಳಿಗೆ ಬಿಟ್ಟುಕೊಟ್ಟ ಅರ್ಧ ಜಮೀನು... ಯಂತ್ರ ನುಂಗಿಬಿಟ್ಟಿದೆ!"

ಹೃಷಿಕೇಶ ಬಗ್ಗಿ ನೋಡಿದ. ಬಿಟ್ಟುಹೋದ ಸಾಲನ್ನು ಬರೆದುಕೊಂಡ.

ಶುಕ್ರವಾರ ನ್ಯಾಯಾಧೀಶರು ವರದಿಗೆ ಸಹಿ ಹಾಕಿದರು. ಸಮನ್ಸು ಇನ್ನು ಫೋನಿಗೆ ಹೋಗುತ್ತದೆ. ಬಾಡಿಗೆಯ ಎರಡು ಝೆರಾಕ್ಸ್ ಯಂತ್ರ ವಾಪಸ್. ಪ್ರತಿ ತೆಗೆಯುವುದು ಸ್ಕ್ಯಾನರ್, ತಾಳೆ ನೋಡುವುದು ಮಾತ್ರ ಇಬ್ಬರು ಮನುಷ್ಯರೇ. ನಾಲ್ಕು ನಿಮಿಷದ ಲೆಕ್ಕದಲ್ಲಿ ಏಜೆನ್ಸಿಗಿಂತ ಆ ಮೇಜೇ ಅಗ್ಗವಾಗಿತ್ತು!

ಸುಮತಿಬೆನ್ ಎಲ್ಲರಿಗೂ ಪೇಡಾ ಹಂಚಲು ಹೋದರು. ಕಿಟಕಿಯ ಬಳಿ ಇಬ್ಬರೇ ಉಳಿದರು.

"ಸೋಮವಾರದಿಂದ ಸೂರತ್ ಕೋರ್ಟು," ಎಂದ ಹೃಷಿಕೇಶ.

ಹಾಗಾದರೆ ಇನ್ನು ಈ ಕಿಟಕಿಯ ಬಳಿ ಅವನು ನಿಲ್ಲುವುದಿಲ್ಲ. ಆದರೂ ಕೇಳಬೇಕಾದ ಒಂದು ಪ್ರಶ್ನೆ ಉಳಿದಿತ್ತು.

"ನಿಜ ಹೇಳಿ. ನಿನ್ನೆ ನಮ್ಮ ಅಂಕಿ ಕೆಟ್ಟದಾಗಿ ಬಂದಿದ್ರೆ? ನನಗೋಸ್ಕರ ತಿದ್ದುತ್ತಿದ್ರಾ?"

ತಿದ್ದುತ್ತಿದ್ದೆ ಅಂದರೆ ಇವನೂ ಆ ವಿಮಾ ಕಚೇರಿಯವನ ಹಾಗೆ ಬರೀ ಸಿಹಿಮಾತಿನವನೇ...

"ಇಲ್ಲ," ಎಂದ ಅವನು. "ಇದ್ದದ್ದನ್ನೇ ಬರೀತಿದ್ದೆ. ಆದ್ರೆ ನ್ಯಾಯಾಧೀಶರಿಗಿಂತ ಮೊದಲು ಬಂದು ನಿಮಗೆ ಹೇಳ್ತಿದ್ದೆ. ನೀವು ಬೈತಿದ್ರಿ. ನಾನು ಎಲ್ಲೂ ಓಡಿಹೋಗದೆ ಕೇಳ್ಕೊಂಡು ಕೂತಿರ್ತಿದ್ದೆ. ಯಾಕಂದ್ರೆ... ನೀವು ಇಲ್ಲದ ಕಡೆ ಹೋಗೋಕೆ ನನಗೆ ಇಷ್ಟ ಇಲ್ಲ, ಕೃಪಾ. ಸರಿಯಾಗಿ ಹೇಳಿದ್ನಾ?"

ಆರು ವರ್ಷದಿಂದ ಬಿಗಿದಿದ್ದ ಗಂಟೊಂದು ಅವಳೊಳಗೆ ಸದ್ದಿಲ್ಲದೆ ಸಡಿಲಾಯಿತು. ಕಣ್ಣು ತುಂಬಿತು, ಜೊತೆಗೆ ನಗೂ ಬಂತು.

"ಬೈಯೋದು ಈಗಲೂ ಬೇಕಾದಷ್ಟಿದೆ."

"ಸೂರತ್‌ಗೆ ಫೋನ್ ಮಾಡಿ ಬೈಯಿರಿ."

"ಫೋನಲ್ಲಿ ಬೈದ್ರೆ ನನಗೆ ಸಮಾಧಾನ ಆಗಲ್ಲ."

"ಮತ್ತೆ?"

ಕೃಪಾ ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಶನಿವಾರ ಶನಿವಾರ ರೈಲು ಹತ್ತಿ ಬಾ."